ಕಿಟಕಿಗೆ ಎರಡು ದಿಂಬು

ಆಕೆಯ ಮೊಣಕೈಗಳು ಹಳೆಯ ಬಟಾಟೆಯ ಹಾಗಿದ್ದವು. ಒರಟು, ಕಂದು, ನಡುವೆ ಒಂದೊಂದು ಕುಳಿ. ಕಿಟಕಿಯ ಕಟ್ಟೆಯ ಮೇಲೆ ದಿಂಬು ಇಟ್ಟು, ಅದರ ಮೇಲೆ ಆ ಎರಡು ಮೊಣಕೈ ಊರಿ, ಗದ್ದಕ್ಕೆ ಕೈ ಕೊಟ್ಟು ಹೊರಗೆ ನೋಡುತ್ತಿದ್ದಳು. ಸ್ಟುಟ್‌ಗಾರ್ಟಿನ ಗುಡ್ಡದ ಓಣಿಯ ಒಂದೇ ಕಟ್ಟಡದಲ್ಲಿ ಆಕೆಯ ಮನೆ ಕೆಳಗೆ, ನಮ್ಮದು ಮೇಲೆ. ನಮ್ಮ ಬಾಲ್ಕನಿಯಿಂದ ಬಗ್ಗಿದರೆ ಮೊದಲು ಮೊಣಕೈ ಕಾಣುತ್ತಿತ್ತು, ಆಮೇಲೆ ಬಿಳಿ ತಲೆ.

ರವಿವಾರ ಊಟವಾದ ಮೇಲೆ ಹಾಗೆ ಕೂತರೆ ಬೆಳಕು ಇಳಿಯುವ ತನಕ. ಕೈಯಲ್ಲಿ ಫೋನಿಲ್ಲ, ಹೆಣಿಗೆಯಿಲ್ಲ, ಬಾಯಲ್ಲಿ ಒಂದು ಮಾತಿಲ್ಲ. ಮುದುಕಿಗೆ ತಲೆ ನೆಟ್ಟಗಿಲ್ಲ ಎಂದೇ ನಾನು ತಿಳಿದಿದ್ದೆ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಆಕೆಯ ಬಗ್ಗೆ ಬರೆಯುವವರು ಬೇರೆ ಯಾರೂ ಇಲ್ಲ, ಅದಕ್ಕೇ ಕೂತಿದ್ದೇನೆ.

ಮನೆಯವರು ತೀರಿಕೊಂಡ ಮೇಲೆ ಮಗಳು ನನ್ನನ್ನು ಧಾರವಾಡದಿಂದ ಇಲ್ಲಿಗೆ ಕರೆತಂದಳು. ಊರಲ್ಲಿ ನನಗೆ ಹೊತ್ತು ಸಾಲುತ್ತಿರಲಿಲ್ಲ. ಇಲ್ಲಿ ಹೊತ್ತೆಂಬುದು ಎದುರಿಗೆ ಗೋಡೆಯಾಗಿ ನಿಂತಿರುತ್ತಿತ್ತು. ಮಗಳು, ಅಳಿಯ ಆಫೀಸಿಗೆ. ಎಂಟು ವರ್ಷದ ಮೊಮ್ಮಗಳಿಗೆ ಶಾಲೆ, ಈಜು, ಪಿಯಾನೋ, ಭರತನಾಟ್ಯ. ಆ ಹುಡುಗಿ ಸುಮ್ಮನೆ ಕೂತದ್ದನ್ನೇ ನಾನು ನೋಡಿರಲಿಲ್ಲ. ‘ಖಾಲಿ ಕೂತ್ರ ಹುಡುಗಿ ಹಾಳಾಗ್ತಾಳವ್ವಾ’ ಎನ್ನುತ್ತಿದ್ದಳು ಮಗಳು. ನಾನು ಖಾಲಿ ಕೂತು ಹಾಳಾಗುತ್ತಿರುವುದು ಆಕೆಗೆ ಕಾಣುತ್ತಿರಲಿಲ್ಲ. ಕಡೆಗೆ ಒಂದು ದಿನ ಹೇಳಿಯೇಬಿಟ್ಟೆ: ‘ಸಂಕ್ರಾಂತಿ ಒಳಗ ನನ್ನ ಊರಿಗೆ ಕಳಸು. ಇಲ್ಲೇ ಇದ್ರ ಹುಚ್ಚಿ ಆಗ್ತೀನಿ.’

‘ಫ್ರಾಂಕ್‌ಫರ್ಟಿಂದ ಡೈರೆಕ್ಟ್ ಫ್ಲೈಟ್ ಅದ. ನೋಡ್ತೀನಿ’ ಎಂದಳು. ಮುಖ ಮಾತ್ರ ಆಕಡೆ ಇತ್ತು.

ಅದಾದ ರವಿವಾರ, ಹೊತ್ತು ಹೋಗದೆ, ಶೇಂಗಾ ಹುರಿದು ಹಿತ್ತಾಳೆಯ ಕುಟ್ಟಾಣಿಯಲ್ಲಿ ಚಟ್ನಿ ಹಿಂಡಿ ಕುಟ್ಟುತ್ತಿದ್ದೆ. ಮಿಕ್ಸರ್ ಇದೆ. ಆದರೆ ಮಿಕ್ಸರ್ ಅರೆಗಳಿಗೆಯಲ್ಲಿ ಮುಗಿಸಿಬಿಡುತ್ತದೆ, ಆಮೇಲೆ ನಾನೇನು ಮಾಡಲಿ? ನಾಲ್ಕು ಏಟು ಬೀಳುವುದರೊಳಗೆ ಬಾಗಿಲ ಗಂಟೆಯ ಸದ್ದಾಯಿತು. ಕೆಳಗಿನ ಮನೆಯಾಕೆ. ಮನೆಯಲ್ಲಿ ದೊಡ್ಡವರು ಬೇರೆ ಯಾರೂ ಇರಲಿಲ್ಲ. ಮೊಮ್ಮಗಳು ನಡುವೆ ನಿಂತು ಆಕಡೆ ಈಕಡೆ ಮಾತು ಸಾಗಿಸಿದಳು.

‘ಅಜ್ಜಿ, ಇವತ್ತ ರವಿವಾರ ಅಂತ. ಸಪ್ಪಳ ಮಾಡಬಾರದಂತ.’

‘ನನ್ನ ಮನಿ, ನನ್ನ ಶೇಂಗಾ ಅಂತ ಹೇಳು.’

‘ಅದನ್ನ ಹೇಳೂದಿಲ್ಲ ನಾ.’

‘ಹಂಗಾರ ರವಿವಾರ ಏನ್ ಮಾಡಬೇಕಂತ ಕೇಳು ಆಕೀಗೆ.’

ಕೇಳಿದಳು. ಮುದುಕಿ ಒಂದೇ ಶಬ್ದ ಹೇಳಿದಳು.

‘ಏನೂ ಮಾಡಬಾರದಂತ ಅಜ್ಜಿ.’

‘ಏನೂ ಮಾಡದ ಮನಷ್ಯಾ ಹೆಂಗಿರ್ತಾನ?’

ಅದಕ್ಕೆ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಕೊಮ್’ ಎಂದಳು. ಬಾ ಎಂದು. ನಾನು ಕಲಿತ ಮೊದಲ ಜರ್ಮನ್ ಮಾತು ಅದು. ಸೆರಗಿಗೆ ಕೈ ಒರೆಸಿಕೊಂಡು, ಬೈಯಲು ಬಂದವಳ ಹಿಂದೆಯೇ ಮೆಟ್ಟಿಲು ಇಳಿದೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆನ್ನುತ್ತಾರೆ. ಆಕೆ ಜಿಪುಣಿ. ಮಗುವಿಗೆ ಒಂದು ಬಿಸ್ಕತ್ತು, ನನಗೊಂದು, ಡಬ್ಬಿ ಮುಚ್ಚಿಡುತ್ತಿದ್ದಳು. ಬಾಯಿ ಕಟು. ಈ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ನಮ್ಮ ಸರದಿಯಲ್ಲಿ ಮಗಳು ಒರೆಸಿದ ಮೆಟ್ಟಿಲನ್ನು ಆಕೆ ಬೆರಳಾಡಿಸಿ ನೋಡುತ್ತಿದ್ದಳು. ಶನಿವಾರ ಸಂಜೆಯ ತನಕ ಗಾಣದೆತ್ತಿನ ಹಾಗೆ ದುಡಿಯುತ್ತಿದ್ದವಳು, ರವಿವಾರ ಕೈಯಿಂದ ಬಿದ್ದ ಸೂಜಿಯನ್ನೂ ಎತ್ತುತ್ತಿರಲಿಲ್ಲ.

ಅವತ್ತು ಅಡುಗೆಮನೆಯ ಕಿಟಕಿಗೆ ಇನ್ನೊಂದು ದಿಂಬು ತಂದಿಟ್ಟಳು. ನಾನು ಮೊಣಕೈ ಊರಿದೆ. ನಡುವೆ ಮೊಮ್ಮಗಳು ಸ್ಟೂಲಿನ ಮೇಲೆ. ಕೆಳಗೆ ಹಳದಿ ಟ್ರಾಮು ಗುಡ್ಡ ಹತ್ತುತ್ತಿತ್ತು, ಎದುರು ಗುಡ್ಡದಲ್ಲಿ ದ್ರಾಕ್ಷಿ ತೋಟ. ಅಂಗಡಿ ಎಲ್ಲ ಮುಚ್ಚಿ ಓಣಿ ನಿದ್ದೆ ಹೋಗಿತ್ತು. ಒಂದು ಮೋಡ ಬಂತು, ಹೋಯಿತು.

‘ಅಜ್ಜಿ, ಲಾಂಗ್‌ವೈಲಿಗ್’ ಎಂದು ಗೊಣಗಿದಳು ಹುಡುಗಿ. ಬೇಜಾರು ಎಂದು. ಕಾಲಿಂದ ಗೋಡೆ ಒದ್ದಳು. ಕಣ್ಣಲ್ಲಿ ನೀರೂ ಬಂತು. ನನಗೂ ಎದ್ದು ಹೋಗೋಣ ಅನ್ನಿಸಿತು. ಮುದುಕಿ ಹೊರಗೆ ನೋಡುತ್ತಲೇ ಏನೋ ಹೇಳಿದಳು. ಮೊಮ್ಮಗಳು ಮೂಗು ಒರೆಸಿಕೊಂಡು ಅದನ್ನು ಕನ್ನಡ ಮಾಡಿದಳು: ‘ಬ್ಯಾಸರ ಬಂದ್ರ ಓಡಸಬಾರದಂತ. ಕೂಡಸಬೇಕಂತ. ಅದು ಬರಿಗೈಲೆ ಬರೂದಿಲ್ಲಂತ. ಚೀಲ ಬಿಚ್ಚೂದು ತಡಾ ಅಂತ, ಅಷ್ಟ.’

ಈ ಮಾತನ್ನು ಆಕೆ ಅನೇಕ ಸಲ ಹೇಳಿದಳು. ಅವತ್ತು ನಾನು ನಂಬಲಿಲ್ಲ.

ಆಕೆಯ ಚೀಲದಿಂದ ಏನು ಬರುತ್ತಿತ್ತು ಎಂಬುದು ಕಪಾಟಿನಲ್ಲಿತ್ತು. ಇಲ್ಲಿ ಚಳಿಗಾಲದಲ್ಲಿ ದಾರಿಯಲ್ಲಿ ಯಾರದಾದರೂ ಒಂದು ಕೈಗವಸು ಬಿದ್ದರೆ, ಕಂಡವರು ಅದನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ ಹೋಗುತ್ತಾರೆ, ಕಳೆದುಕೊಂಡವರಿಗೆ ಕಾಣಲಿ ಎಂದು. ಮರಗಳು ಚಿಗುರಿದರೂ ಯಾರೂ ಒಯ್ಯದೆ ಉಳಿದ ಒಂಟಿ ಕೈಗವಸುಗಳನ್ನು ಆಕೆ ತಂದು ತೊಳೆದಿಡುತ್ತಿದ್ದಳು. ರವಿವಾರ ಕಿಟಕಿಯಲ್ಲಿ ಕೂತು ಹೊಳೆದದ್ದನ್ನು ಸೋಮವಾರ ಗೊಂಬೆಯಾಗಿ ಹೊಲಿಯುತ್ತಿದ್ದಳು. ಹೆಬ್ಬೆರಳನ್ನು ಒಳಗೆ ಮಡಚಿದರೆ ಗೂಬೆ. ಎರಡು ಬೆರಳು ನಿಲ್ಲಿಸಿದರೆ ಮೊಲ. ಯಾರಿಗಾಗಿ ಎಂದು ನಾನು ಕೇಳಿಸಿದೆ. ‘ಯಾರಿಗೂ ಅಲ್ಲಂತ. ಅದಕ್ಕ ಚಂದ ಆಗ್ತಾವಂತ’ ಎಂದು ಉತ್ತರ ಬಂತು.

ಮೂರನೆಯದೋ ನಾಲ್ಕನೆಯದೋ ರವಿವಾರ ಮೊಮ್ಮಗಳು ಗೋಡೆ ಒದೆಯುವುದನ್ನು ಬಿಟ್ಟಳು. ಒಂದು ಕರಿ ಗೂಬೆಯನ್ನು ಕೈಗೆ ಹಾಕಿಕೊಂಡು, ಟ್ರಾಮಿನಿಂದ ಇಳಿದವರೆಲ್ಲ ಎಲ್ಲಿಗೆ ಹೋಗುತ್ತಿದ್ದಾರೆಂದು ಅದಕ್ಕೆ ಹೇಳತೊಡಗಿದಳು. ಕೊಡೆ ಹಿಡಿದವನು ಮೋಡಕ್ಕೆ ಬಾಡಿಗೆ ಮನೆ ಹುಡುಕಲು ಹೊರಟಿದ್ದ. ಕೆಂಪು ಟೊಪ್ಪಿಗೆಯವಳ ಚೀಲದಲ್ಲಿ ಒಂದು ಕೆರೆ ಇತ್ತು, ಆಕೆ ಅದನ್ನು ಚೆಲ್ಲದಂತೆ ಮೆಲ್ಲಗೆ ನಡೆಯುತ್ತಿದ್ದಳು. ಕನ್ನಡ, ಜರ್ಮನ್ ಎರಡೂ ಕಲಸಿ ಹೇಳುತ್ತಿದ್ದಳು. ನಾವಿಬ್ಬರು ಮುದುಕಿಯರೂ ಕೇಳಿಸಿಕೊಳ್ಳದವರ ಹಾಗೆ ಕೂತು ಕೇಳುತ್ತಿದ್ದೆವು.

ಡಿಸೆಂಬರಿನಲ್ಲಿ ಮಗಳು ರವಿವಾರ ಮಧ್ಯಾಹ್ನಕ್ಕೂ ಆನ್‌ಲೈನ್ ಚೆಸ್ ಕ್ಲಾಸ್ ಹಚ್ಚಿದಳು. ಮೊದಲ ದಿನವೇ ಹುಡುಗಿಯನ್ನು ಕರೆಯಲು ಕೆಳಗೆ ಬಂದಳು. ಅವತ್ತು ಬೆಳಗಿನಿಂದ ಹಿಮ ಬೀಳುತ್ತಿತ್ತು.

‘ಏನ್ ಮಾಡ್ಲಿಕತ್ತೀರಿ ಮೂರೂ ಮಂದಿ?’

‘ಏನೂ ಇಲ್ಲ’ ಎಂದೆ.

‘ಏನೂ ಇಲ್ಲ ಅಂದ್ರ?’

‘ಏನೂ ಇಲ್ಲ ಅಂದ್ರ ಏನೂ ಇಲ್ಲ. ಇಂಜಿನಿಯರ್ ಇದ್ದಿ, ಅಷ್ಟೂ ತಿಳಿಯೂದಿಲ್ಲೇನು?’

‘ಅವ್ವಾ, ಕ್ಲಾಸಿಗೆ ಐದ ಮಿನಿಟ್ ಅದ. ಆಕೀನ್ನ ಕಳಸು.’

ಮುದುಕಿ ಬೆಂಚಿನ ಮೇಲಿದ್ದ ಬುಟ್ಟಿ ಸರಿಸಿ ಜಾಗ ಮಾಡಿದಳು. ಮಗಳು ಮರ್ಯಾದೆಗೆಂದು ತುದಿಯಲ್ಲಿ ಕೂತಳು. ಒಲೆಯ ಕಾವು, ಹೊರಗೆ ಹಿಮ, ಗೂಬೆಗೆ ಕತೆ ಹೇಳುವ ಹುಡುಗಿಯ ಪಿಸುಮಾತು. ತಿರುಗಿ ನೋಡುವುದರೊಳಗೆ ಮಗಳ ತಲೆ ಗೋಡೆಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಚಿಕ್ಕವಳಿದ್ದಾಗ ಹೀಗೆಯೇ ಮಲಗುತ್ತಿದ್ದಳು. ಮಡಿಲಲ್ಲಿ ಫೋನು ಗುರ್ ಎಂದಿತು, ಆಮೇಲೆ ಸುಮ್ಮನಾಯಿತು. ಮುದುಕಿ ತುಟಿಯ ಮೇಲೆ ಬೆರಳಿಟ್ಟಳು.

ನಾನು ಮತ್ತೆ ಕಿಟಕಿಯ ಕಡೆ ತಿರುಗಿದೆ. ಹಿಮ ನಿಂತಿತ್ತು. ಎದುರಿನ ಗುಡ್ಡ ತೊಳೆದ ಧೋತರದಂತೆ ಬೆಳ್ಳಗಾಗಿತ್ತು. ದ್ರಾಕ್ಷಿ ಬಳ್ಳಿಯ ಸಾಲುಗಳು ಮಾತ್ರ ಕರ್ರಗೆ, ಚುಕ್ಕಿ ಚುಕ್ಕಿಯಾಗಿ, ಗುಡ್ಡದ ಡೊಂಕಿನ ಜೊತೆಗೇ ಡೊಂಕಾಗಿ ಸಾಗಿದ್ದವು. ಎಷ್ಟು ಹೊತ್ತು ನೋಡಿದೆನೋ. ಗುಡ್ಡ ಹತ್ತಿರ ಬಂದ ಹಾಗಾಯಿತು. ಕೈ ಚಾಚಿದರೆ ಬೆರಳಿಗೆ ದಾರ ತಾಗುತ್ತದೆ ಅನ್ನಿಸಿತು. ನನ್ನವ್ವ ಹಳೆಯ ಸೀರೆ ಪದರ ಪದರ ಹಾಸಿ, ಮಂಡಿಯೂರಿ, ತುದಿಯಿಂದ ತುದಿಗೆ ಹೊಲಿಗೆ ಓಡಿಸುತ್ತಿದ್ದ ಕೌದಿ ಅದು. ಯಾರೋ ಗುಡ್ಡಕ್ಕೇ ಕೌದಿ ಹೊಲಿದು ಹೊದಿಸಿದ್ದರು.

ನನ್ನ ಮದುವೆಯಾದ ಮೇಲೆ ನಾನು ಕೌದಿಯ ಸೂಜಿ ಹಿಡಿದಿರಲಿಲ್ಲ. ಪುರಸೊತ್ತು ಇರಲಿಲ್ಲ. ಪುರಸೊತ್ತು ಸಿಕ್ಕಾಗ ಅದನ್ನೇ ರೋಗವೆಂದು ತಿಳಿದೆ.

ಮರುದಿನ ಮಗಳಿಗೆ ಹಳೆಯ ಬಟ್ಟೆ ಎಲ್ಲ ಕೊಡು ಎಂದೆ. ಹರಿದ ಕುರ್ತಾ, ಅಳಿಯನ ಅಂಗಿ, ಮೊಮ್ಮಗಳ ಸವೆದ ಲೆಗ್ಗಿಂಗ್ಸು, ನನ್ನ ಎರಡು ಸೀರೆ.

‘ಟಿಕೆಟ್ಟು ಏನ್ ಮಾಡ್ಲೆವ್ವಾ?’ ಎಂದಳು ಮೆಲ್ಲಗೆ.

‘ಇದು ಮುಗೀಲಿ.’

ಚೆಸ್ ಕ್ಲಾಸ್ ಶುಕ್ರವಾರಕ್ಕೆ ಹೋಯಿತು. ರವಿವಾರ ಬೆಂಚಿನ ಮೇಲೆ ಮಗಳೂ ಆಗಾಗ ಬಂದು ಕೂರತೊಡಗಿದಳು. ಹೆಚ್ಚಾಗಿ ನಿದ್ದೆ ಮಾಡುತ್ತಿದ್ದಳು. ಅದೂ ಆಗಬೇಕಾದದ್ದೇ.

ದ್ರಾಕ್ಷಿ ಚಿಗುರುವ ಹೊತ್ತಿಗೆ ಕೌದಿ ಮುಗಿಯಿತು. ಕೆಳಗೆ ಒಯ್ದು ಹಾಸಿದೆ. ಮುದುಕಿ ಮೆಟ್ಟಿಲ ಮೇಲೆ ಆಡಿಸುವ ಹಾಗೆಯೇ ಹೊಲಿಗೆಯ ಮೇಲೆ ಬೆರಳಾಡಿಸಿದಳು.

‘ಸೊಟ್ಟಗಾಗ್ಯದ ಅಂತಾಳ ಅಜ್ಜಿ.’

‘ಗುಡ್ಡಾನೂ ಸೊಟ್ಟನ ಅದ ಅಂತ ಹೇಳು.’

ಆಕೆ ನಕ್ಕಳು. ಆಕೆಯ ಹಲ್ಲು ನಾನು ನೋಡಿದ್ದು ಅದೊಂದೇ ಸಲ.

ಆ ಬೇಸಿಗೆಯಲ್ಲಿ ಒಂದು ರವಿವಾರ ಕೆಳಗಿನ ಕಿಟಕಿ ತೆರೆಯಲಿಲ್ಲ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ನಾನು ಅಳಲಿಲ್ಲ, ಆಕೆಗೆ ವಯಸ್ಸಾಗಿತ್ತು. ಬೇರೆ ಊರಿನಿಂದ ಬಂದ ಆಕೆಯ ಅಣ್ಣನ ಮಗ ಮನೆ ಖಾಲಿ ಮಾಡುವಾಗ, ಬೇಕಾದವರು ಒಯ್ಯಲಿ ಎಂದು ಕೆಲವು ಸಾಮಾನು ಕಾಲುದಾರಿಯ ಮೇಲೆ ಇಟ್ಟಿದ್ದ. ಅದರಲ್ಲಿ ಆ ಎರಡು ದಿಂಬೂ ಇದ್ದವು, ನಡುವೆ ಮೊಣಕೈಯ ಗುಳಿ ಬಿದ್ದು. ಮೊಮ್ಮಗಳು ಒಂದನ್ನು ಅವುಚಿಕೊಂಡಳು, ನಾನು ಒಂದನ್ನು. ಟಿಕೆಟ್ಟಿನ ಮಾತು ಅದರ ನಂತರ ಯಾರೂ ಎತ್ತಿಲ್ಲ.

ಕಳೆದ ರವಿವಾರ ನಾವಿಬ್ಬರೂ ನಮ್ಮ ಕಿಟಕಿಯಲ್ಲಿ ಕೂತಿದ್ದಾಗ ಕೆಳಗಿನ ಮನೆಯಿಂದ ಧಡ್ ಧಡ್ ಸಪ್ಪಳ. ಹೊಸ ಬಾಡಿಗೆಯವರು. ಬೈಯಬೇಕೆಂದೇ ಇಳಿದೆ. ಬಾಗಿಲು ತೆಗೆದದ್ದು ಏಳೆಂಟು ವರ್ಷದ ಹುಡುಗಿ, ಕೈಯಲ್ಲಿ ಚೆಂಡು. ಅದನ್ನು ಗೋಡೆಗೆ ಹೊಡೆಯುತ್ತಿತ್ತು. ಹಿಂದೆ ತಾಯಿ ತಪ್ಪಾಯಿತೆನ್ನುವ ಹಾಗೆ ಏನೋ ಹೇಳುತ್ತಿದ್ದಳು. ನನಗೆ ಅರ್ಥವಾದದ್ದು ಒಂದೇ ಮಾತು, ಲಾಂಗ್‌ವೈಲಿಗ್.

‘ಕೊಮ್’ ಎಂದೆ.

ಹುಡುಗಿ ತಾಯಿಯ ಮುಖ ನೋಡಿ ಮೇಲೆ ಬಂತು. ಮೂರನೆಯ ದಿಂಬು ನಮ್ಮಲ್ಲಿ ಇರಲಿಲ್ಲ. ಕೌದಿ ಮಡಚಿ ಹಾಕಿದೆ.