ಅಧ್ಯಕ್ಷರು ಕುಳಿತೇ ಇದ್ದರು

ಕುರ್ಚಿಯಿಂದ ಎದ್ದಾಗಲೆಲ್ಲ ಅವರ ಬಲ ಮೊಣಕಾಲು ಲಟಕ್ಕನೆ ಸದ್ದು ಮಾಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದ ನನಗೂ ಕೇಳಿಸುವಷ್ಟು ಜೋರಾಗಿ. ‘ಓ, ಸೆಕ್ರೆಟರಿ ಸಾಹೇಬರು ಎದ್ದರು’ ಎಂದುಕೊಳ್ಳುತ್ತಿದ್ದೆ. ಬೇರೆಯವರು ಸಭೆಯ ಮಧ್ಯೆ ಎದ್ದರೆ ಸಿಗರೇಟಿಗೋ ಕಾಫಿಗೋ. ಇವರು ಎದ್ದರೆ ಒಳಗೆ ಅವರ ಸಂಬಳದ ಮಾತು ಬಂದಿದೆ ಎಂದೇ ಅರ್ಥ. ತಮ್ಮ ವಿಷಯ ಬಂದಾಗ ತಾವು ಅಲ್ಲಿರಬಾರದು ಎಂಬುದು ಅವರ ಹಟ. ಹೊರಗೆ ಬಂದು ಮೆಟ್ಟಿಲ ಬಳಿಯ ಬೆಂಚಿನ ಮೇಲೆ, ಡಾಕ್ಟರನ್ನು ಕಾಯುವ ರೋಗಿಯ ಹಾಗೆ ಕೂತಿರುತ್ತಿದ್ದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಯಶವಂತಪುರದ ಮಂಡಿಯ ಹತ್ತಿರ ಮೆಣಸಿನಕಾಯಿ ಗೋದಾಮಿನ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ವರ್ತಕರು, ಹಮಾಲರು, ಹೂವಿನವರು ಉಳಿಸಿದ್ದನ್ನು ಒಟ್ಟುಗೂಡಿಸಿ, ದೊಡ್ಡ ಕಂಪನಿಗಳ ಷೇರು ಕೊಂಡು, ಬಂದ ಲಾಭವನ್ನು ಅವರಿಗೇ ಹಂಚುವುದು ಅದರ ಕಸುಬು. ನಾನು ಕನ್ನಡ ಟೈಪಿಸ್ಟ್. ಕೆಳಗೆ ಮೂಟೆ ಇಳಿಸಿದ ದಿನ ಇಡೀ ಆಫೀಸು ಸೀನುತ್ತಿತ್ತು. ಸಾಹೇಬರು ಮಾತ್ರ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಡಾವಳಿ ಬರೆಯುತ್ತಿದ್ದರು.

ನಡಾವಳಿ ಎಂದರೆ ನಿರ್ದೇಶಕರ ಸಭೆಯಲ್ಲಿ ಏನೇನು ನಡೆಯಿತು ಎಂಬ ಬರಹ. ದಪ್ಪ ರಟ್ಟಿನ ಪುಸ್ತಕ, ಪ್ರತಿ ಪುಟಕ್ಕೂ ಸಂಖ್ಯೆ. ಬೇರೆ ಕಂಪನಿಗಳಲ್ಲಿ ಅದು ಇಂಗ್ಲಿಷಿನಲ್ಲಿರುತ್ತಿತ್ತು. ಆರ್.ಟಿ. ನಗರದ ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಿದ್ದ ಈ ಮನುಷ್ಯ ಗುಂಡು ಗುಂಡಾದ ಕನ್ನಡದಲ್ಲಿ ಬರೆಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, “ಸಹಿ ಹಾಕೋರಿಗೆ ಓದಕ್ಕೆ ಬರ್ಬೇಕಲ್ಲಮ್ಮಾ. ನಾಳೆ ನಮಗೆ ಅರ್ಥ ಆಗ್ಲಿಲ್ಲ ಅನ್ಬಾರ್ದು” ಎಂದಿದ್ದರು. ಯಾರು ತಡವಾಗಿ ಬಂದರು, ಯಾರು ಎದ್ದು ಹೋದರು, ಎಲ್ಲವೂ ಅದರಲ್ಲಿರಬೇಕು. ಒಬ್ಬ ನಿರ್ದೇಶಕರು ತೂಕಡಿಕೆಯಿಂದ ಎಚ್ಚೆತ್ತು ‘ನಂದೂ ಒಪ್ಪಿಗೆ’ ಎಂದದ್ದನ್ನೂ ಬರೆದಿಟ್ಟಿದ್ದರು.

ಈ ಹಟದ ಬಿಸಿ ನನಗೂ ತಟ್ಟಿತು. ಅಪ್ಪ ಇಲ್ಲದ ಮನೆ ನಮ್ಮದು, ಬಾಗಲಗುಂಟೆಯಲ್ಲಿ ಬಾಡಿಗೆಗೆ ಎರಡು ಕೋಣೆ. ನನ್ನ ತಮ್ಮ ನಮ್ಮ ಆಫೀಸಿನ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದ್ದ. ಅದು ಸಭೆಗೆ ಬಂದಾಗ ನಾನು ಶೀಘ್ರಲಿಪಿ ಬರೆದುಕೊಳ್ಳಲು ಅಲ್ಲೇ ಕೂತಿದ್ದೆ. ಸಾಹೇಬರು ಪೆನ್ನು ಕೆಳಗಿಟ್ಟರು.

“ನೀವು ಸ್ವಲ್ಪ ಹೊರಗೆ ಹೋಗಿ ಅಮ್ಮಾ.”

“ನಾನು ಮಾತೇ ಆಡಲ್ಲ ಸಾರ್.”

“ಮಾತಾಡೋದು ಬೇಡ. ನಿಮ್ಮ ಮುಖ ನೋಡ್ತಾ ‘ಬೇಡ’ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?”

ಅದೇ ಬೆಂಚಿನ ಮೇಲೆ ಹೋಗಿ ಕೂತೆ. ಕೆಲಸ ಇನ್ಯಾರಿಗೋ ಹೋಯಿತು. ಮೈಯೆಲ್ಲ ಉರಿದುಹೋಯಿತು ನನಗೆ. ಹದಿನೈದು ದಿನ ಅವರೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಅವರಿಗೆ ಅದು ಗೊತ್ತೇ ಆಗಲಿಲ್ಲವೋ, ಗೊತ್ತಾಗದವರ ಹಾಗೆ ಇದ್ದರೋ, ಮಧ್ಯಾಹ್ನ ಎಂದಿನಂತೆ ಕಿತ್ತಳೆ ಸುಲಿದು ಅರ್ಧ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ನಾನೂ ತಿನ್ನುತ್ತಿದ್ದೆ, ಸಿಟ್ಟಿನಲ್ಲೇ.

ಎರಡು ವರ್ಷದ ಮೇಲೆ ನಿಜವಾದ ಪರೀಕ್ಷೆ ಬಂತು. ನಮ್ಮ ಅಧ್ಯಕ್ಷರು ಅಟ್ಟೂರಿನ ಜಮೀನುದಾರರು. ಕೆಲವು ಸಭೆಗಳು ಆಫೀಸಿನ ಬದಲು ಅವರ ಮನೆಯಲ್ಲೇ, ಮುದ್ದೆ, ಕೋಳಿಸಾರಿನ ಊಟದ ಜೊತೆ. ಅಂಥ ಒಂದು ಸಭೆಯಲ್ಲಿ ಚರ್ಚೆಗೆ ಬಂದದ್ದು ಜನರ ಹಣದ ದೊಡ್ಡ ಪಾಲನ್ನು ಒಂದು ಹೆಂಚಿನ ಕಾರ್ಖಾನೆಯಲ್ಲಿ ತೊಡಗಿಸುವ ವಿಷಯ. ಕಾರ್ಖಾನೆ ಅಧ್ಯಕ್ಷರ ಅಳಿಯನದು. ಇನ್ನೂ ಒಂದು ಹೆಂಚನ್ನೂ ಸುಟ್ಟಿರಲಿಲ್ಲ.

“ಅಧ್ಯಕ್ಷರು ಸ್ವಲ್ಪ ಹೊರಗೆ ಹೋಗ್ಬೇಕು” ಎಂದರು ಸಾಹೇಬರು.

“ಎಲ್ಲಿಗ್ರೀ ಓಗ್ಲಿ? ಇದು ನಮ್ಮನೆ ಕಣ್ರೀ! ನಮ್ಮನೇಲಿ ನಾನೇ ಎದ್ದು ಓಗ್ಬೇಕಾ?”

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

“ಜಗಲಿ ಮೇಲೆ ಕೂತ್ರೂ ಸಾಕು.”

“ಊಟಕ್ಕೆ ಒತ್ತಾತು. ಸುಮ್ನೆ ಬರ್ಕಳ್ರೀ.”

ಒಬ್ಬೊಬ್ಬರೂ ಅಧ್ಯಕ್ಷರ ಮುಖ ನೋಡುತ್ತ ಕೈ ಎತ್ತಿದರು. ಸಾಹೇಬರು ಬರೆದುಕೊಂಡರು: ‘ಈ ವಿಷಯ ಚರ್ಚೆಗೆ ಬಂದಾಗ ಅಧ್ಯಕ್ಷರು ಕುಳಿತೇ ಇದ್ದರು.’

ಆ ಒಂದು ಸಾಲು ಅಧ್ಯಕ್ಷರ ಗಂಟಲಲ್ಲಿ ಮುಳ್ಳಾಯಿತು. ಹೊಡೆದುಹಾಕಲು ಹೇಳಿದರು. “ಆಗಿದ್ದನ್ನ ಬರ್ದಿದೀನಿ” ಎಂದರೇ ಹೊರತು ಸಾಹೇಬರು ಪೆನ್ನು ಮುಟ್ಟಲಿಲ್ಲ. ಪುಟ ಹರಿಯೋಣವೆಂದರೆ ಸಂಖ್ಯೆ ಇದೆ. ತಿಂಗಳೊಳಗೆ ಅಧ್ಯಕ್ಷರು ಹೊಸ ನಿಯಮ ತಂದರು. ನಡಾವಳಿಯನ್ನು ಇನ್ನು ಟೈಪ್ ಮಾಡಿಸಬೇಕು, ಹಿಂದಿನದನ್ನೂ ಸೇರಿಸಿ. ಹಳೆಯ ಪುಸ್ತಕ ಅಧ್ಯಕ್ಷರ ಮನೆಯ ಬೀರು ಸೇರಿತು. ನನ್ನನ್ನು ಕರೆಸಿದರು. “ಆ ಸಾಲೊಂದು ‘ಹೊರಗೆ ಹೋದರು’ ಅಂತ ಮಾಡ್ಬುಡಮ್ಮ. ನಿನ್ ತಮ್ಮಂಗೆ ಕಾರ್ಖಾನೇಲಿ ಕೆಲ್ಸ ಐತೆ.”

ಮಾಡಿದೆ. ಒಂದು ಅಕ್ಷರವೂ ತಪ್ಪದ ಹಾಗೆ ಮಾಡಿದೆ.

ಸಾಹೇಬರು ಆ ಹಾಳೆಯನ್ನು ಎರಡು ಸಲ ಓದಿದರು. “ಕಾಗುಣಿತ ಸರಿಯಾಗಿದೆ” ಎಂದು ಮೇಜಿನ ಮೇಲಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಂಪನಿಗಳ ಮೇಲೆ ಕಣ್ಣಿಡಬೇಕಾದ ಸರ್ಕಾರಿ ಕಚೇರಿಗೆ ಎರಡು ಪತ್ರ ಬರೆದರು. ಎರಡಕ್ಕೂ ‘ನಿಮ್ಮ ಪತ್ರ ತಲುಪಿದೆ’ ಎಂಬ ಉತ್ತರ ಬಂತು. ಅವನ್ನು ಜೋಪಾನವಾಗಿ ಫೈಲಿಗೆ ಹಾಕಿದರು. ನನಗೆ ತಡೆಯಲಾಗಲಿಲ್ಲ. “ಪೇಪರಿನವರಿಗೆ ಹೇಳಿ ಸಾರ್! ಕೆಳಗೆ ಇಳಿದು ಹಮಾಲರಿಗಾದ್ರೂ ಹೇಳಿ!” ಎಂದೆ, ನನಗೇನೂ ಸಂಬಂಧವಿಲ್ಲದವಳ ಹಾಗೆ.

“ಬರಿಯೋದು ನನ್ನ ಕೆಲ್ಸ ಅಮ್ಮಾ. ಬರ್ದಾಯ್ತು.”

ಈ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಸರಿಯಾಗಿ ಬರೆದು ಸುಮ್ಮನೆ ಕೂತರೆ ಯಾರನ್ನು ಉಳಿಸಿದ ಹಾಗಾಯಿತು? ಆ ವರ್ಷದ ಸದಸ್ಯರ ಸಭೆಯಲ್ಲಿ ಜನ ಕೇಸರಿಬಾತ್ ತಿಂದು, ಕೈ ಎತ್ತಿ, ಮನೆಗೆ ಹೋದರು. ಲೆಕ್ಕಪರಿಶೋಧಕರು ಸಹಿ ಹಾಕಿದರು. ಕಾರ್ಖಾನೆ ಮುಳುಗಿತು, ಹಿಂದೆಯೇ ನಮ್ಮ ಕಂಪನಿಯೂ. ಹೂವಿನ ಹೆಂಗಸರು ಮೆಟ್ಟಿಲ ಮೇಲೆ ಕೂತು ಶಾಪ ಹಾಕುತ್ತಿದ್ದಾಗ ನಾನು ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೆ.

ಎಲ್ಲ ಮುಗಿದ ಮೇಲೆ ಸರ್ಕಾರದ ಅಧಿಕಾರಿಯೊಬ್ಬರು ವಿಚಾರಣೆಗೆಂದು ನಮ್ಮ ಆಫೀಸಿಗೇ ಬಂದು, ಸಾಹೇಬರನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡರು. ಹಳೆಯ ಪುಸ್ತಕಕ್ಕೆ ಗೆದ್ದಲು ಹಿಡಿಯಿತು ಎಂದು ಅಧ್ಯಕ್ಷರ ಕಡೆಯವರು ಹೇಳಿ ಕೈತೊಳೆದುಕೊಂಡಿದ್ದರು. ಉಳಿದದ್ದು ನನ್ನ ಹಾಳೆ.

“ಅವತ್ತು ಅಧ್ಯಕ್ಷರು ಹೊರಗೆ ಹೋದ್ರಾ?”

“ಇಲ್ಲ. ಕೂತಿದ್ರು” ಎಂದರು ಸಾಹೇಬರು.

“ಮತ್ತೆ ಇಲ್ಲಿ ಹೋದರು ಅಂತಿದೆಯಲ್ಲ? ಇದನ್ನ ಯಾರು ಹೇಳಿ ಟೈಪ್ ಮಾಡ್ಸಿದ್ರು?”

ಲಟಕ್ಕೆಂದಿತು. ಸಾಹೇಬರು ಎದ್ದು ನಿಂತಿದ್ದರು.

“ಸಾರ್, ಇದು ಈ ಹುಡುಗಿ ಹೇಳಬೇಕಾದ ಮಾತು. ಇವಳು ನನ್ನ ಮಗಳಿದ್ದ ಹಾಗೆ. ನಾನಿಲ್ಲಿ ಕೂತಿರ್ಬಾರ್ದು.”

ನನ್ನನ್ನು ಯಾವತ್ತೂ ‘ನೀವು’ ಎನ್ನುತ್ತಿದ್ದವರ ಬಾಯಲ್ಲಿ ಮೊದಲ ಸಲ ‘ಇವಳು’ ಬಂತು. ನನ್ನ ಕಡೆ ನೋಡದೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಕಾರ್ಖಾನೆಯಲ್ಲಿ ತಮ್ಮನಿಗೆ ಸಿಕ್ಕಿದ್ದ ಕೆಲಸ ಆಗಲೇ ಹೋಗಿತ್ತು. ನನ್ನಲ್ಲಿ ಉಳಿದಿದ್ದದ್ದು ಹೆದರಿಕೆ ಮಾತ್ರ.

“ಜ್ಞಾಪಕ ಇಲ್ಲ ಸಾರ್” ಎಂದೆ.

ಅಧಿಕಾರಿ ಅದನ್ನೇ ಬರೆದುಕೊಂಡರು. ವಿಚಾರಣೆ ಅಲ್ಲಿಗೆ ನಿಂತಿತು. ಹೊರಗೆ ಬಂದಾಗ ಸಾಹೇಬರು ಏನು ಹೇಳಿದೆ ಎಂದು ಕೇಳಲಿಲ್ಲ. ಕಿತ್ತಳೆ ಸುಲಿಯುತ್ತಿದ್ದರು. ಅರ್ಧ ನನ್ನ ಕೈಗಿಟ್ಟರು.

ಎಂಬತ್ತರ ದಶಕ ಮುಗಿಯುವ ಮುಂಚೆ ಅವರು ತೀರಿಕೊಂಡರು. ಆರ್.ಟಿ. ನಗರದ ಮನೆಗೆ ನಾನು ಮುಟ್ಟುವಷ್ಟರಲ್ಲಿ ಹೊತ್ತುಕೊಂಡು ಹೋಗಿಯಾಗಿತ್ತು. ಅಷ್ಟು ವರ್ಷದಲ್ಲಿ ಒಂದು ದಿನವಾದರೂ ಅವರ ಮುಂದೆ ಕೂತು ಹೇಳಬಹುದಿತ್ತು. ಹೇಳಲಿಲ್ಲ.

ಈಗ ಅಧ್ಯಕ್ಷರಿಲ್ಲ, ಪುಸ್ತಕವೂ ಇಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ. ಅಟ್ಟೂರಿನ ಮನೆಯಲ್ಲಿ ಆ ದಿನ ಅಧ್ಯಕ್ಷರು ಕುಳಿತೇ ಇದ್ದರು. ಹೊರಗೆ ಹೋದರು ಎಂದು ಟೈಪ್ ಮಾಡಿದವಳು ನಾನು. ಹಾಗೆ ಮಾಡು ಎಂದವರು ಯಾರೆಂಬುದು ನನಗೆ ಚೆನ್ನಾಗಿ ಜ್ಞಾಪಕವಿದೆ.