ಫೇಡ್ ಆಯಿತು ಎಂಬ ಸಬೂಬು

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ತನ್ನ ಫೋಟೊ ತೋರಿಸಿದಳು. ಹಿಂದಿನ ದಿನವಷ್ಟೇ ತೆಗೆದದ್ದು, ನೋಡಿದರೆ ಐವತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಹಾಗಿತ್ತು. "ಫೇಡ್ ಎಫೆಕ್ಟ್ ತಾತ, ಚೆನ್ನಾಗಿದೆ ಅಲ್ವಾ?" ಎಂದಳು. ನನಗೆ ಮೈ ಉರಿಯಿತು. ಪಾಪ, ಅವಳ ತಪ್ಪೇನಿಲ್ಲ; ಆ ಪದ ಕಿವಿಗೆ ಬಿದ್ದರೆ ನನಗೆ ಹಾಗಾಗುತ್ತದೆ.

ನೀವೇ ನೋಡಿ, ಆ ಪದದ ದೌಲತ್ತು. ಹೊಸ ಪ್ಯಾಂಟು ಮಂಡಿಯ ಹತ್ತಿರ ಬೆಳ್ಳಗಾಗಿದ್ದರೆ ಫೇಡ್, ಅದಕ್ಕೇ ಗಿರಾಕಿ ಹೆಚ್ಚು. ಕಿವಿಯ ಸುತ್ತ ಕೂದಲು ಬೋಳಿಸಿಕೊಂಡು ಬಂದರೆ ಅದೂ ಫೇಡ್. ಸಿನಿಮಾದಲ್ಲಿ ಪರದೆ ಕಪ್ಪಾದರೂ, ರೇಡಿಯೊದಲ್ಲಿ ವಾರ್ತೆಯವರ ದನಿ ಇಳಿದರೂ ಫೇಡ್. ನಮ್ಮಮ್ಮನ ಬಾಯಲ್ಲಿ ಒಂದೊಂದಕ್ಕೂ ಬೇರೆ ಮಾತಿತ್ತು. ಉಟ್ಟು ಉಟ್ಟು ಸೀರೆ ಮಾಸುತ್ತಿತ್ತು, ಬಿಸಿಲಿಗೆ ಮುಖ ಕಂದುತ್ತಿತ್ತು, ಮುಡಿದ ಹೂವು ಬಾಡುತ್ತಿತ್ತು. ಯಾವುದರಿಂದ ಏನಾಯಿತು ಎಂದು ಕೇಳಿದವರಿಗೆ ತಿಳಿಯುತ್ತಿತ್ತು. ಫೇಡ್ ಎಂದುಬಿಟ್ಟರೆ ಯಾರೂ ಏನೂ ಮಾಡಲಿಲ್ಲ, ತಾನಾಗಿಯೇ ಆಯಿತು.

ಎಪ್ಪತ್ತರ ದಶಕದ ಕೊನೆ. ಗುಬ್ಬಿಯಲ್ಲಿ ನಮ್ಮ ಮನೆ. ಅಕ್ಕನಿಗೆ ಗಂಡು ಹುಡುಕುತ್ತಿದ್ದರು. ಬೆಳ್ಳಾವಿ ಚಿಕ್ಕಮ್ಮನ ರೇಷ್ಮೆ ಸೀರೆ ಉಡಿಸಿ, ತುಮಕೂರಿನ ಸ್ಟುಡಿಯೋದಲ್ಲಿ ಒಂದು ಫೋಟೊ ತೆಗೆಸಿದ್ದರು. ಒಂದೇ ಪ್ರತಿ. ಅದು ಗಂಡಿನ ಮನೆಗೆ ಹೋಗಬೇಕು, ಅವರು ಒಪ್ಪದಿದ್ದರೆ ವಾಪಸ್ ಬಂದು ಇನ್ನೊಂದು ಮನೆಗೆ ಹೋಗಬೇಕು. ಆಗಿನ ಪದ್ಧತಿ ಅದು. ಕುಣಿಗಲ್ಲಿನ ಒಂದು ಮನೆಯವರು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ, ಏಳು ತಿಂಗಳು ಇಟ್ಟುಕೊಂಡರು. ಕೊನೆಗೆ ಅಮ್ಮ ನನ್ನನ್ನು ಕರೆದುಕೊಂಡು ತಾನೇ ಹೋದಳು. ಫೋಟೊ ನಡುಮನೆಯ ಕಿಟಕಿಯಲ್ಲಿತ್ತು, ಸಂಜೆ ಬಿಸಿಲು ನೇರ ಬೀಳುವ ಕಡೆ. ಮೇಲೊಂದು ಬಾಚಣಿಗೆ. ಅಕ್ಕನ ಒಂದು ಕೆನ್ನೆ ಪೂರಾ ಬಿಳಿಚಿಕೊಂಡಿತ್ತು.

"ಏನ್ ಯಜಮಾನ್ರೇ, ಹಿಂಗಾಗೋಗಿದೆ?" ಎಂದಳು ಅಮ್ಮ.

"ಫೋಟೊ ಅಂದ್ಮೇಲೆ ಫೇಡ್ ಆಯ್ತದೆ ಕಣಮ್ಮ," ಎಂದರು ಮನೆಯ ಯಜಮಾನರು, ಎಲೆಗೆ ಸುಣ್ಣ ಹಚ್ಚುತ್ತ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಆ ಕೆನ್ನೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಧೂಳೇನೋ ಎಂಬಂತೆ.

ಆಮೇಲೆ ಅದೇ ಫೋಟೊ ಗೂಳೂರಿಗೆ ಹೋಯಿತು. "ಹುಡುಗಿ ಮುಖದಲ್ಲಿ ಕಳೆ ಇಲ್ಲ" ಎಂದು ಹೇಳಿ ಕಳಿಸಿದರು. ಒಲೆ ಮುಂದೆ ಕೂತಿದ್ದ ಅಕ್ಕ ಎದ್ದು ಬಂದು ಫೋಟೊವನ್ನು ತನ್ನ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. "ನೋಡೋರು ಮನೆಗೇ ಬರ್ಲಿ. ಇನ್ಮೇಲೆ ಅದನ್ನ ಎಲ್ಲಿಗೂ ಕಳ್ಸಂಗಿಲ್ಲ" ಎಂದಳು. ನಾಲ್ಕು ವರ್ಷ ಯಾರೂ ಬರಲಿಲ್ಲ. ಎಂಬತ್ತರ ನಂತರ ಹುತ್ರಿದುರ್ಗದ ಕಡೆಯ ಮೇಷ್ಟ್ರೊಬ್ಬರು ಬಂದು, ನೋಡಿ, ಮದುವೆಯಾದರು, ಅದು ಬೇರೆ ಮಾತು. ಅಷ್ಟೂ ವರ್ಷ ಅಕ್ಕ ಊರವರ ಬಾಯಿಗೆ ಬಿದ್ದಳು. ಕುಣಿಗಲ್ಲಿನ ಆ ಯಜಮಾನರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇಷ್ಟು ರೋಷದಿಂದ ಬರೆಯುತ್ತಿರುವ ನಾನು ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಕುಣಿಗಲ್ಲಿನಿಂದ ಬಂದ ಮರುದಿನವೇ ಅಮ್ಮ, "ಸ್ಟುಡಿಯೋದಲ್ಲಿ ನೆಗೆಟಿವ್ ಇರ್ತದಂತೆ, ಇನ್ನೊಂದು ಪ್ರಿಂಟ್ ಹಾಕಿಸ್ಕೊಂಡ್ ಬಾರೋ" ಎಂದಿದ್ದಳು. ನಾನು ದಿನಾ ರೈಲಿನಲ್ಲಿ ತುಮಕೂರಿನ ಕಾಲೇಜಿಗೆ ಹೋಗುತ್ತಿದ್ದವನು. ಸ್ಟುಡಿಯೋ ದಾರಿಯಲ್ಲೇ ಇತ್ತು. ಬಾಗಿಲು ಹಾಕಿತ್ತು, ಕರೆಂಟಿರಲಿಲ್ಲ ಎಂದು ಸುಳ್ಳು ಹೇಳುತ್ತ ಒಂದು ತಿಂಗಳು ಕಳೆದೆ. ಮ್ಯಾಟಿನಿ ಮಾತ್ರ ಒಂದನ್ನೂ ತಪ್ಪಿಸಲಿಲ್ಲ. ಕಾದು ಸಾಕಾಗಿ ಅಮ್ಮ ಹಳೆಯದನ್ನೇ ಗೂಳೂರಿಗೆ ಕಳಿಸಿದ್ದಳು.

ಮೊಮ್ಮಗಳು ಫೋಟೊ ತೋರಿಸಿದ ದಿನ ಸಂಜೆ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಬಿಟ್ಟೆ. "ಇಷ್ಟು ವರ್ಷ ಆಯ್ತಲ್ಲ, ನಿಂಗೂ ಮರೆತೋಗಿರುತ್ತೆ ಬಿಡು" ಎಂದೆ.

"ಕುಣಿಗಲ್ನೋರ ಹೆಸ್ರೂ ಮರ್ತೋಗಿದೆ ಕಣೋ. ನೀನು ದಿನಾ ಬರಿಗೈಯಲ್ಲಿ ಬಂದು ಚಪ್ಪಲಿ ಬಿಡ್ತಿದ್ಯಲ್ಲ, ಬಾಗಿಲಲ್ಲಿ ನಿಂತ್ಕೊಂಡು ನಿನ್ನ ಕೈಯನ್ನೇ ನೋಡ್ತಿದ್ದೆ. ಅದೊಂದು ಮರ್ತಿಲ್ಲ."