ಮೂಳೆಯಕ್ಕ ಮುರಿಯದ ಮೂಳೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಬಾಗಿಲು ತೆಗೆದು, ಕನ್ನಡಕ ಒರೆಸಿಕೊಂಡು ಮೂಳೆಯಕ್ಕ ಕೆಲಸಕ್ಕೆ ಕೂತಿದ್ದಾರೆ. ಕೈಯಲ್ಲಿರುವುದು ಮಗುವಿನ ತೊಡೆಮೂಳೆ. ಗಾಬರಿ ಬೇಡ, ಪ್ಲಾಸ್ಟಿಕ್ಕಿನದು. ಮೇಲ್ತುದಿಯ ಗುಂಡನ್ನು ಗರಗಸದಿಂದ ಕೊಯ್ದು, ತುಸು ಜಾರಿಸಿ, ಸ್ಕ್ರೂ ಹಾಕಿ ಬಿಗಿಯುತ್ತಾರೆ. ಆಮೇಲೆ ಯಂತ್ರದಡಿ ಇಟ್ಟು ಒತ್ತುತ್ತಾರೆ, ಟಕ್ ಎಂದು ಮುರಿಯುವವರೆಗೂ. ದಿನಕ್ಕೆ ಆರೇಳು ಮೂಳೆ.

"ಕಟ್ಟೋದೂ ನಾನೇ, ಮುರಿಯೋದೂ ನಾನೇ. ಮನೇಲಿ ಗಾಜಿನ ಲೋಟ ನನ್ನ ಕೈಗೆ ಯಾರೂ ಕೊಡಲ್ಲ" ಎಂದು ನಗುತ್ತಾರೆ.

ಬೆಳೆಯುವ ಕೆಲವು ಮಕ್ಕಳಲ್ಲಿ ತೊಡೆಮೂಳೆಯ ಗುಂಡು, ಬೆಳವಣಿಗೆಯ ಮೆತ್ತನೆ ಪದರದ ಬಳಿ ಜಾರಿಬಿಡುತ್ತದೆ. ಸ್ಕ್ರೂ ಹಾಕಿ ಅದನ್ನು ಅಲ್ಲೇ ನಿಲ್ಲಿಸಬೇಕು. ಎಂಥ ಸ್ಕ್ರೂ, ಎಷ್ಟು, ಯಾವ ಓರೆಯಲ್ಲಿ ಎಂದು ಎಂಜಿನಿಯರುಗಳು ಬರೆಯುವ ಪ್ರಬಂಧಗಳ ಹಿಂದೆ ಈಕೆಯ ಕೈಯಿದೆ, ಹೆಸರಿಲ್ಲ. ಅದಕ್ಕೆ ಬೇಸರವೂ ಇಲ್ಲ. ಈಗ ತಲೆ ಕೆಡಿಸಿರುವುದು ಬೇರೆಯೇ.

ಮಗಳ ಮಗಳು, ಹನ್ನೊಂದರ ಪುಟ್ಟಿ, ಮಂಡಿನೋವೆಂದು ಕುಂಟುತ್ತಿದ್ದಳು. ಮಂಡಿಗೆ ಮುಲಾಮು ತಿಕ್ಕಿದ್ದು ಈ ಅಜ್ಜಿಯೇ. ಎಕ್ಸ್‌ರೇ ತೆಗೆಸಿದರೆ ಜಾರಿದ್ದು ಸೊಂಟದ ಕೀಲಿನ ಅದೇ ಗುಂಡು, ನೋವು ಮಾತ್ರ ಮಂಡಿಯಲ್ಲಿ! ವೈದ್ಯರು ಹಾಕಿದ್ದು ಒಂದೇ ಸ್ಕ್ರೂ. ಆದರೆ ಮೂಳೆಯಕ್ಕನ ಯಂತ್ರದಡಿ ಹೆಚ್ಚು ತಡೆದದ್ದು ಎರಡು ಸ್ಕ್ರೂಗಳ ಮೂಳೆಯೇ.

"ಡಾಕ್ಟ್ರೇ, ಇನ್ನೊಂದು ಹಾಕಬಾರದಿತ್ತಾ?"

"ನಿಮ್ಮ ಪ್ಲಾಸ್ಟಿಕ್ಕಲ್ಲಿ ರಕ್ತ ಹರಿಯಲ್ಲಮ್ಮಾ, ಇವಳ ಮೂಳೇಲಿ ಹರಿಯುತ್ತೆ. ಎರಡನೇದು ಕೀಲಿನೊಳಗೆ ಚುಚ್ಚಿದ್ರೆ? ರಕ್ತನಾಳಕ್ಕೆ ತಗುಲಿದ್ರೆ? ಇವಳಿಗೆ ಒಂದು ಸಾಕು."

ವೈದ್ಯರ ಮಾತು ಅರ್ಥವಾಯಿತೇ ಎಂದು ಈಗ ಕೇಳಿದರೆ ಮೂಳೆಯಕ್ಕ ತಲೆ ಕೆರೆದುಕೊಳ್ಳುತ್ತಾರೆ. "ಆಯ್ತು. ಆದ್ರೂ ಆಗ್ಲಿಲ್ಲ. ಡಾಕ್ಟ್ರು ಹೇಳೋದೂ ಸರಿ, ಯಂತ್ರ ಹೇಳೋದೂ ಸರಿ. ಇಬ್ರೂ ಸರಿ ಅಂದ್ರೆ ನಾನ್ಯಾರನ್ನ ನಂಬ್ಲಿ?"

ಊರುಗೋಲು ಬಿಟ್ಟು ನಡೆಯಬಹುದೆಂದು ವೈದ್ಯರು ಹೇಳಿ ವಾರವಾಗಿದೆ. ಅಜ್ಜಿಯೇ ಬಿಡುತ್ತಿಲ್ಲ. ಪುಟ್ಟಿ ಗೋಡೆಗೆ ಒರಗಿಸಿದ ಊರುಗೋಲನ್ನು ಓಡಿಹೋಗಿ ಅವಳ ಕೈಗೆ ಕೊಡುತ್ತಾರೆ. ಮೊಮ್ಮಗಳಿಗೆ ಈಗ ನೋವಿಗಿಂತ ಅಜ್ಜಿಯ ಮುಖದ ಭಯವೇ ಹೆಚ್ಚು ಕಾಡುತ್ತಿದೆ, ಕಾಲೂರಲು ಹಿಂಜರಿಯುತ್ತಾಳೆ. ಮಗಳಿಗೆ ರೇಗಿಹೋಗಿದೆ.

"ಅಮ್ಮಾ, ಸ್ಕ್ರೂ ಹಾಕಿ ಮುರಿಯದೆ ಉಳಿದ ಒಂದು ಮೂಳೆನಾದ್ರೂ ನೀನು ನೋಡಿದ್ದೀಯಾ?"

ಮೂಳೆಯಕ್ಕ ತಬ್ಬಿಬ್ಬಾದರು. "ಇಲ್ವಲ್ಲೇ! ಮುರಿಯೋವರೆಗೂ ನಾನು ಒತ್ತೋದು ಬಿಡೋದೇ ಇಲ್ವಲ್ಲ!"

ಅಂದೇ ಸಂಜೆ ಪುಟ್ಟಿ ಊರುಗೋಲಿಲ್ಲದೆ ಅಡುಗೆಮನೆಯಿಂದ ಹೊಸ್ತಿಲವರೆಗೆ ನಡೆಯುತ್ತಾಳೆ. ಅಜ್ಜಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲಿ ಟಕ್ ಎಂದೀತೋ ಎಂದು ಕಿವಿಗೊಟ್ಟು ನಿಂತಿದ್ದಾರೆ. ಬರಿಗಾಲಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ಈಗ ಧೈರ್ಯ ಬಂತೇ ಎಂದು ಮರುದಿನ ಪ್ರಯೋಗಾಲಯದಲ್ಲಿ ಕೇಳಿದರೆ, "ಗೊತ್ತಿಲ್ಲಪ್ಪ, ತಲೆ ಇನ್ನೂ ಗೊಜಲು" ಎನ್ನುತ್ತಾ ಇನ್ನೊಂದು ಪ್ಲಾಸ್ಟಿಕ್ ಮೂಳೆಯನ್ನು ಯಂತ್ರದಡಿ ಇಡುತ್ತಾರೆ. "ಮೂಳೆ ಎಷ್ಟು ತಡೆಯುತ್ತೆ ಅಂತ ಗೊತ್ತಾಗೋದು ಅದು ಮುರಿದಾಗ್ಲೇ. ಪುಟ್ಟೀದು ಎಷ್ಟು ತಡೆಯುತ್ತೆ ಅಂತ ನಂಗೆ ಯಾವತ್ತೂ ಗೊತ್ತಾಗ್ದೇ ಇರ್ಲಿ. ಅಷ್ಟು ಸಾಕು."